ಸಮುದ್ರದ ನೀರು ಮತ್ತು ಜಲಾಂತರ್ಗಾಮಿಯ ಶೋಧ

ನೂರಾರು ಕಿಲೋಮೀಟರ್ ದೂರದಲ್ಲಿ ಹಾರುತ್ತಿರುವ ವಿಮಾನವನ್ನು ರೇಡಾರ್ ಕ್ಷಣಮಾತ್ರದಲ್ಲಿ ಗುರುತಿಸಬಲ್ಲುದು. ಆದರೆ ಸಮುದ್ರದೊಳಗೆ ಎರಡು ಮೂರು ಕಿಲೋಮೀಟರ್ ಅಂತರದಲ್ಲಿಯೇ ಇರುವ, ಅರುವತ್ತು ಎಪ್ಪತ್ತು ಮೀಟರ್ ಉದ್ದದ ಜಲಾಂತರ್ಗಾಮಿ ನೌಕೆಯೊಂದು ಸುಸಜ್ಜಿತವಾದ ಯುದ್ಧನೌಕೆಗೂ ಪತ್ತೆಯಾಗದೆ ಹೋಗುವುದುಂಟು. ಯಂತ್ರವು ಸುಸ್ಥಿತಿಯಲ್ಲಿದ್ದು, ಅದರ ಮುಂದೆ ಕುಳಿತ ನಾವಿಕನು ಎಚ್ಚರದಿಂದಿದ್ದರೂ ಹೀಗಾಗಬಹುದು. ಇದಕ್ಕೆ ಮುಖ್ಯ ಕಾರಣ ಸಮುದ್ರದ ನೀರು. ಹೊರನೋಟಕ್ಕೆ ಎಲ್ಲೆಡೆಯೂ ಒಂದೇ ಆಗಿ ಕಾಣುವ ಈ ನೀರು ಒಳಗೆ ಹಲವು ಪದರಗಳಾಗಿ ವಿಂಗಡಗೊಂಡಿರುತ್ತದೆ. ಒಂದೊಂದು ಪದರವೂ ಧ್ವನಿಯನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತದೆ. ಆದುದರಿಂದ ಜಲಾಂತರ್ಗಾಮಿಯನ್ನು ಹುಡುಕುವ ಕಾರ್ಯವು ನೀರನ್ನು ಅರಿಯುವುದರಿಂದಲೇ ಆರಂಭವಾಗುತ್ತದೆ.

ಧ್ವನಿಯೊಂದೇ ದಾರಿ

ನೀರಿನೊಳಗೆ ಬೆಳಕು ಹೆಚ್ಚು ದೂರ ಸಾಗಲಾರದು. ತಿಳಿಯಾದ ಸಾಗರದಲ್ಲಿಯೂ 200 ಮೀಟರ್ ಆಳದ ಕೆಳಗೆ ಸೂರ್ಯಪ್ರಕಾಶವು ನಾಮಮಾತ್ರಕ್ಕೆ ಮಾತ್ರ ತಲಪುತ್ತದೆ. ರೇಡಾರ್ ಬಳಸುವ ರೇಡಿಯೊ ತರಂಗಗಳನ್ನು ಉಪ್ಪುನೀರು ಹೀರಿಕೊಂಡುಬಿಡುತ್ತದೆ. ಧ್ವನಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವ ಧ್ವನಿಯು ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಚಲಿಸುತ್ತದೆ. ನೀರಿನಲ್ಲಿ ಧ್ವನಿಯ ವೇಗವನ್ನು 1826ರಲ್ಲಿ ಕೊಲಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಸ್ವಿಟ್ಸರ್ಲೆಂಡಿನ ಜಿನೀವಾ ಸರೋವರದಲ್ಲಿ ಅಳೆದರು. ಒಂದು ದೋಣಿಯಿಂದ ನೀರಿನೊಳಗೆ ಇಳಿಬಿಟ್ಟ ಗಂಟೆಯನ್ನು ಬಾರಿಸುವಾಗಲೇ ಮದ್ದಿಗೆ ಬೆಂಕಿ ತಗಲುವಂತೆ ಏರ್ಪಡಿಸಲಾಗಿತ್ತು. ದೂರದ ಇನ್ನೊಂದು ದೋಣಿಯಲ್ಲಿದ್ದವರು ಬೆಂಕಿಯ ಹೊಳಪು ಕಂಡ ಕ್ಷಣಕ್ಕೂ ನೀರಿನ ಮೂಲಕ ಗಂಟೆಯ ನಾದ ಕೇಳಿದ ಕ್ಷಣಕ್ಕೂ ನಡುವಣ ಅವಧಿಯನ್ನು ಅಳೆದರು. ಅವರಿಗೆ ದೊರೆತ ಉತ್ತರ ಸೆಕೆಂಡಿಗೆ 1435 ಮೀಟರ್.

ಧ್ವನಿಯ ಈ ಗುಣವನ್ನು ಬಳಸಿಕೊಳ್ಳುವ ಉಪಕರಣವೇ ಸೋನಾರ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲ್ಯಾಂಜೆವಿನ್ ಮೊದಲಾದವರು ಇದಕ್ಕೆ ತಳಹದಿ ಹಾಕಿದರು. ಸೋನಾರಿನಲ್ಲಿ ಎರಡು ವಿಧಗಳಿವೆ. ಸಕ್ರಿಯ ಸೋನಾರ್ ತಾನೇ ಧ್ವನಿಯನ್ನು ಹೊರಡಿಸಿ, ಎದುರಿನ ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಪ್ರತಿಧ್ವನಿಯು 4 ಸೆಕೆಂಡುಗಳಲ್ಲಿ ಮರಳಿದರೆ ಆ ವಸ್ತುವು 3 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ನಿಷ್ಕ್ರಿಯ ಸೋನಾರ್ ಮೌನವಾಗಿದ್ದು, ಇತರ ನೌಕೆಗಳ ಯಂತ್ರ ಹಾಗೂ ಚಾಲಕ ಚಕ್ರಗಳ ಸದ್ದನ್ನು ಆಲಿಸುತ್ತದೆ. ಮೊದಲನೆಯದರಿಂದ ದೂರವು ನಿಖರವಾಗಿ ತಿಳಿಯುತ್ತದೆ; ಆದರೆ ಧ್ವನಿ ಹೊರಡಿಸಿದ ನೌಕೆಯು ತನ್ನ ಇರುವನ್ನೂ ಪ್ರಕಟಪಡಿಸಿದಂತಾಗುತ್ತದೆ. ಎರಡನೆಯದು ಗುಟ್ಟನ್ನು ಕಾಪಾಡುತ್ತದೆ. ಆದರೆ ಎದುರಾಳಿ ನೌಕೆಯು ನಿಶ್ಶಬ್ದವಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಎರಡೂ ವಿಧಾನಗಳಲ್ಲಿ ಧ್ವನಿಯು ನೀರಿನ ಮೂಲಕವೇ ಬರಬೇಕು.

ವೇಗವನ್ನು ನಿರ್ಧರಿಸುವ ಮೂರು ಅಂಶಗಳು

ಸಮುದ್ರದಲ್ಲಿ ಧ್ವನಿಯ ವೇಗವು ಮೂರು ಅಂಶಗಳನ್ನು ಅವಲಂಬಿಸಿದೆ: ಉಷ್ಣತೆ, ಲವಣಾಂಶ ಮತ್ತು ಒತ್ತಡ. ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಧ್ವನಿಯ ವೇಗವು ಸೆಕೆಂಡಿಗೆ 2ರಿಂದ 4 ಮೀಟರಿನಷ್ಟು ಹೆಚ್ಚುತ್ತದೆ. ಒಂದು ಕಿಲೋಗ್ರಾಂ ನೀರಿನಲ್ಲಿರುವ ಲವಣವು ಒಂದು ಗ್ರಾಂ ಹೆಚ್ಚಿದರೆ ವೇಗವು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಅಧಿಕವಾಗುತ್ತದೆ. ಆಳಕ್ಕೆ ಇಳಿದಂತೆ ಒತ್ತಡ ಏರುವುದರಿಂದ, ಪ್ರತಿ 100 ಮೀಟರಿಗೆ ಸೆಕೆಂಡಿಗೆ ಸುಮಾರು 1.7 ಮೀಟರಿನಂತೆ ವೇಗವು ವೃದ್ಧಿಸುತ್ತದೆ. ಭಾರತದ ಸುತ್ತಣ ಸಮುದ್ರಗಳ ಮೇಲ್ಭಾಗದಲ್ಲಿ ಈ ಮೂರರ ಪೈಕಿ ಉಷ್ಣತೆಯ ಪಾತ್ರವೇ ಬಹುತೇಕ ಪ್ರಧಾನವಾದುದು.

ಒಂದು ನಿದರ್ಶನವನ್ನು ಗಮನಿಸಬಹುದು. ಮೇಲ್ಮೈಯಲ್ಲಿ 29 ಡಿಗ್ರಿ ಉಷ್ಣತೆಯಿರುವ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1543 ಮೀಟರ್. ಅಲ್ಲಿಯೇ 200 ಮೀಟರ್ ಆಳದಲ್ಲಿ ಉಷ್ಣತೆಯು 15 ಡಿಗ್ರಿಗೆ ಇಳಿದಿದ್ದರೆ ವೇಗವು ಸುಮಾರು 1510 ಮೀಟರ್ ಆಗುತ್ತದೆ. ವ್ಯತ್ಯಾಸ ಶೇಕಡ ಎರಡಕ್ಕಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ಅಲ್ಪ ವ್ಯತ್ಯಾಸದಿಂದ ಏನಾದೀತು ಎಂಬ ಪ್ರಶ್ನೆ ಸಹಜ. ಆದರೆ ಸೋನಾರಿನ ಯಶಸ್ಸು ಮತ್ತು ವೈಫಲ್ಯಗಳು ನಿಂತಿರುವುದು ಈ ಶೇಕಡ ಎರಡರ ಮೇಲೆಯೇ.

ಬಾಗುವ ಧ್ವನಿ

ಎತ್ತಿನ ಗಾಡಿಯ ಒಂದು ಚಕ್ರ ಗಟ್ಟಿ ನೆಲದಲ್ಲಿದ್ದು ಇನ್ನೊಂದು ಕೆಸರಿಗೆ ಇಳಿದರೆ, ಗಾಡಿಯು ಕೆಸರಿನ ಕಡೆಗೇ ತಿರುಗುತ್ತದೆ. ಕೆಸರಿನಲ್ಲಿ ಚಕ್ರದ ವೇಗ ಕುಗ್ಗುವುದೇ ಇದಕ್ಕೆ ಕಾರಣ. ಧ್ವನಿಯ ನಡೆಯೂ ಹೀಗೆಯೇ. ಅಡ್ಡಲಾಗಿ ಸಾಗುವ ಧ್ವನಿತರಂಗದ ಮೇಲ್ಭಾಗವು ಬೆಚ್ಚಗಿನ ನೀರಿನಲ್ಲಿ ವೇಗವಾಗಿಯೂ ಕೆಳಭಾಗವು ತಣ್ಣನೆಯ ನೀರಿನಲ್ಲಿ ನಿಧಾನವಾಗಿಯೂ ಚಲಿಸಿದರೆ, ಇಡೀ ತರಂಗವು ಕೆಳಮುಖವಾಗಿ ಬಾಗುತ್ತದೆ. ಧ್ವನಿಯು ಸದಾ ತನ್ನ ವೇಗ ಕಡಿಮೆ ಇರುವ ಕಡೆಗೆ ಬಾಗುತ್ತದೆ ಎಂಬುದು ಇಲ್ಲಿನ ಮೂಲಸೂತ್ರ. ಬೇಸಿಗೆಯ ಹೆದ್ದಾರಿಯಲ್ಲಿ ಬಿಸಿಲ್ಗುದುರೆ ಕಾಣುವುದೂ ಇದೇ ಬಗೆಯ ನಿಯಮದಿಂದಲೇ; ಅಲ್ಲಿ ಬಾಗುವುದು ಬೆಳಕು.

ಮೇಲಿನ ನಿದರ್ಶನದಲ್ಲಿ ವೇಗದ ಇಳಿಕೆಯೆಲ್ಲವೂ 50ರಿಂದ 200 ಮೀಟರ್ ಆಳದ ನಡುವೆಯೇ ಆಗಿದೆ ಎಂದು ಭಾವಿಸೋಣ. ಈ ಪದರದಲ್ಲಿ ನೇರವಾಗಿ ಅಡ್ಡಲಾಗಿ ಹೊರಟ ಧ್ವನಿಯು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 70 ಮೀಟರ್ ಕೆಳಗಿಳಿದಿರುತ್ತದೆ. ಎರಡು ಕಿಲೋಮೀಟರ್ ಸಾಗುವ ಮೊದಲೇ ಅದು ಈ ಪದರವನ್ನು ದಾಟಿ ಆಳಕ್ಕೆ ಹೊರಟುಹೋಗಿರುತ್ತದೆ. ಧ್ವನಿ ಹೊರಟ ಆಳದಲ್ಲಿಯೇ, ಎರಡು ಕಿಲೋಮೀಟರ್ ಮುಂದೆ ಒಂದು ಜಲಾಂತರ್ಗಾಮಿ ಇದ್ದರೂ ಧ್ವನಿಯು ಅದರ ಅಡಿಯಲ್ಲಿ ನುಸುಳಿ ಹೋಗುತ್ತದೆ. ಪ್ರತಿಧ್ವನಿ ಮರಳುವುದಿಲ್ಲ. ಯಂತ್ರದ ಪರದೆಯ ಮೇಲೆ ಸಮುದ್ರವು ಬರಿದಾಗಿ ತೋರುತ್ತದೆ.

ಮಧ್ಯಾಹ್ನದ ಒಗಟು

ಈ ಸತ್ಯವು ಬೆಳಕಿಗೆ ಬಂದ ಬಗೆ ಕುತೂಹಲಕಾರಿಯಾಗಿದೆ. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆಯು ಕ್ಯೂಬಾದ ಗ್ವಾಂಟನಾಮೊ ಸಮೀಪ ಸೋನಾರ್ ಅಭ್ಯಾಸ ನಡೆಸುತ್ತಿದ್ದಾಗ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ಬೆಳಗಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ಪ್ರತಿಧ್ವನಿಗಳು ಮಧ್ಯಾಹ್ನದ ಅನಂತರ ಕ್ಷೀಣವಾಗುತ್ತಿದ್ದವು. ಊಟದ ನಂತರ ನಾವಿಕರು ತೂಕಡಿಸುತ್ತಿರಬಹುದೆಂಬ ಶಂಕೆಯೂ ಹುಟ್ಟಿತು. ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನೀರಿನ ಉಷ್ಣತೆಯನ್ನು ಆಳವಾರು ಅಳೆದು ನೋಡಿದಾಗ ನಾವಿಕರು ನಿರಪರಾಧಿಗಳೆಂಬುದು ಸ್ಪಷ್ಟವಾಯಿತು. ಗಾಳಿಯಿಲ್ಲದ ದಿನಗಳಲ್ಲಿ ಬಿಸಿಲಿಗೆ ಮೇಲಿನ ಕೆಲವೇ ಮೀಟರುಗಳ ನೀರು ಒಂದೆರಡು ಡಿಗ್ರಿ ಬಿಸಿಯಾಗುತ್ತಿತ್ತು. ಅಷ್ಟರಿಂದಲೇ ಧ್ವನಿಯು ಕೆಳಕ್ಕೆ ಬಾಗಿ ಗುರಿಯನ್ನು ತಪ್ಪುತ್ತಿತ್ತು. ಇದಕ್ಕೆ ‘ಮಧ್ಯಾಹ್ನದ ಪರಿಣಾಮ’ ಎಂಬ ಹೆಸರು ಬಂದಿತು.

ಇದೇ ಅವಧಿಯಲ್ಲಿ ಅಥೆಲ್‌ಸ್ಟನ್ ಸ್ಪಿಲ್‌ಹೌಸ್ ಎಂಬ ವಿಜ್ಞಾನಿಯು ಚಲಿಸುವ ಹಡಗಿನಿಂದಲೇ ನೀರಿನೊಳಗೆ ಇಳಿಬಿಡಬಹುದಾದ, ಆಳಕ್ಕೆ ತಕ್ಕಂತೆ ಉಷ್ಣತೆಯ ರೇಖೆಯನ್ನು ಗಾಜಿನ ಪಟ್ಟಿಯ ಮೇಲೆ ಗೀಚುವ ಬ್ಯಾಥಿಥರ್ಮೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ಇದು ಹಡಗುಗಳಿಗೂ ಜಲಾಂತರ್ಗಾಮಿಗಳಿಗೂ ನೆರವಾಯಿತು. ಹಡಗಿನವರು ತಮ್ಮ ಸೋನಾರ್ ಎಷ್ಟು ದೂರ ಮುಟ್ಟೀತೆಂದು ತಿಳಿಯಲು ಅದನ್ನು ಬಳಸಿದರೆ, ಜಲಾಂತರ್ಗಾಮಿಯವರು ಯಾವ ಆಳದಲ್ಲಿ ಅಡಗಿದರೆ ಸುರಕ್ಷಿತವೆಂದು ತಿಳಿಯಲು ಅದನ್ನೇ ಬಳಸಿದರು.

ಪದರಗಳು ಮತ್ತು ನೆರಳಿನ ವಲಯ

ಆಳವಾದ ಸಮುದ್ರವನ್ನು ಸ್ಥೂಲವಾಗಿ ಮೂರು ಪದರಗಳಾಗಿ ವಿಂಗಡಿಸಬಹುದು. ಗಾಳಿ ಮತ್ತು ಅಲೆಗಳ ಹೊಡೆತಕ್ಕೆ ಸಿಕ್ಕಿ ಚೆನ್ನಾಗಿ ಕಲಕಿಹೋದ ಮೇಲಿನ ಪದರದಲ್ಲಿ ಉಷ್ಣತೆಯು ಬಹುಮಟ್ಟಿಗೆ ಏಕರೀತಿಯಾಗಿರುತ್ತದೆ. ಇದನ್ನು ಮಿಶ್ರಿತ ಪದರವೆನ್ನುತ್ತಾರೆ. ಅದರ ಕೆಳಗೆ ಉಷ್ಣತೆಯು ಥಟ್ಟನೆ ಇಳಿಯುವ ಪದರವಿದೆ. ಇದಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ಇನ್ನೂ ಕೆಳಗೆ, ಸಮುದ್ರದ ತಳದವರೆಗೂ, ಹೆಚ್ಚು ಬದಲಾಗದ ಶೀತಲ ಜಲರಾಶಿ ಇದೆ.

ಮಿಶ್ರಿತ ಪದರದಲ್ಲಿ ಉಷ್ಣತೆ ಸಮವಾಗಿರುವುದರಿಂದ ಒತ್ತಡದ ಪ್ರಭಾವವೇ ಮೇಲುಗೈ ಪಡೆಯುತ್ತದೆ. ಅಲ್ಲಿ ಧ್ವನಿಯು ಮೇಲ್ಮುಖವಾಗಿ ಬಾಗಿ, ಮೇಲ್ಮೈಗೆ ತಾಗಿ ಪ್ರತಿಫಲಿಸಿ, ಮತ್ತೆ ಬಾಗಿ, ಕಾಲುವೆಯಲ್ಲಿ ಹರಿಯುವ ನೀರಿನಂತೆ ಬಹುದೂರ ಸಾಗುತ್ತದೆ. ಪದರದ ಅಂಚನ್ನು ದಾಟಿದ ಧ್ವನಿಯಾದರೋ ಕೆಳಕ್ಕೆ ಬಾಗುತ್ತದೆ. ಹೀಗೆ ಒಂದು ಭಾಗ ಮೇಲಕ್ಕೂ ಇನ್ನೊಂದು ಭಾಗ ಕೆಳಕ್ಕೂ ಒಡೆದುಹೋದಾಗ, ನಡುವೆ ಧ್ವನಿಯು ಬಹಳ ಕ್ಷೀಣವಾಗಿ ಮಾತ್ರ ತಲಪುವ ಒಂದು ಪ್ರದೇಶ ಉಳಿಯುತ್ತದೆ. ಇದೇ ನೆರಳಿನ ವಲಯ. ಜಲಾಂತರ್ಗಾಮಿಯ ನಾಯಕನು ಮಿಶ್ರಿತ ಪದರದ ಕೆಳಗೆ ಜಾರಿಕೊಳ್ಳಲು ಯತ್ನಿಸುವುದು ಈ ನೆರಳನ್ನು ಅರಸಿಯೇ.

ಉಷ್ಣತೆಯು ಇಳಿಯುತ್ತ ಹೋಗಿ ಬಹುಮಟ್ಟಿಗೆ ಸ್ಥಿರವಾದ ಬಳಿಕ ಒತ್ತಡದಿಂದಾಗಿ ಧ್ವನಿಯ ವೇಗ ಪುನಃ ಏರತೊಡಗುತ್ತದೆ. ಈ ತಿರುವಿನ ಆಳದಲ್ಲಿ ವೇಗವು ಅತ್ಯಂತ ಕಡಿಮೆ. ಮೇಲಿನಿಂದಲೂ ಕೆಳಗಿನಿಂದಲೂ ಅದರ ಕಡೆಗೇ ಬಾಗುವ ಧ್ವನಿಯು ಅಲ್ಲಿ ಬಂಧಿತವಾಗಿ ಸಾವಿರಾರು ಕಿಲೋಮೀಟರ್ ಚಲಿಸಬಲ್ಲುದು. ಅಮೆರಿಕದ ಮಾರಿಸ್ ಯೂಯಿಂಗ್ ಮತ್ತು ಸೋವಿಯತ್ ಒಕ್ಕೂಟದ ಲಿಯೊನಿಡ್ ಬ್ರೆಖೋವ್‌ಸ್ಕಿಖ್ 1940ರ ದಶಕದಲ್ಲಿ ಈ ಧ್ವನಿಮಾರ್ಗವನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಸಮಶೀತೋಷ್ಣ ಸಾಗರಗಳಲ್ಲಿ ಇದು ಸುಮಾರು 1000 ಮೀಟರ್ ಆಳದಲ್ಲಿದ್ದರೆ, ಅರಬ್ಬೀ ಸಮುದ್ರದಲ್ಲಿ ಇನ್ನೂ ಕೆಳಗಿದೆ. ಕೆಂಪು ಸಮುದ್ರ ಹಾಗೂ ಪರ್ಷಿಯನ್ ಕೊಲ್ಲಿಗಳಿಂದ ಹರಿದುಬರುವ ಬೆಚ್ಚಗಿನ, ಹೆಚ್ಚು ಉಪ್ಪಾದ ನೀರು ಅಲ್ಲಿನ ನಡುಪದರಗಳಲ್ಲಿ ಹರಡುವುದು ಇದಕ್ಕೆ ಒಂದು ಕಾರಣ.

ಭಾರತದ ಎರಡು ಸಮುದ್ರಗಳು

ಭಾರತದ ಪೂರ್ವ ಮತ್ತು ಪಶ್ಚಿಮ ದಿಕ್ಕುಗಳಲ್ಲಿ ಇರುವ ಎರಡು ಸಮುದ್ರಗಳು ಒಂದೇ ಅಕ್ಷಾಂಶದಲ್ಲಿದ್ದರೂ ಅವುಗಳ ಸ್ವಭಾವ ಬೇರೆ ಬೇರೆ. ಅರಬ್ಬೀ ಸಮುದ್ರದಲ್ಲಿ ಮಳೆ ಮತ್ತು ನದಿಗಳಿಂದ ಸೇರುವ ನೀರಿಗಿಂತ ಆವಿಯಾಗಿ ಹೋಗುವ ನೀರೇ ಹೆಚ್ಚು. ಆದ್ದರಿಂದ ಅದರ ಬಹುಭಾಗದಲ್ಲಿ ಲವಣಾಂಶವು ಕಿಲೋಗ್ರಾಂ ನೀರಿಗೆ ಸುಮಾರು 36 ಗ್ರಾಂ ಇರುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಗಾಳಿ ಶಾಂತವಾಗಿದ್ದು ಬಿಸಿಲು ಪ್ರಖರವಾಗಿರುವಾಗ ಮಿಶ್ರಿತ ಪದರವು ತೆಳುವಾಗುತ್ತದೆ. ಮುಂಗಾರಿನ ಬಿರುಗಾಳಿಯು ಅದೇ ಪದರವನ್ನು ಸಮುದ್ರದ ಮಧ್ಯಭಾಗದಲ್ಲಿ ಆಳದವರೆಗೆ ಕಲಕುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಒಣಗಾಳಿಗೆ ಉತ್ತರ ಭಾಗದ ಮೇಲ್ಮೈ ನೀರು ತಣಿದು, ಭಾರವಾಗಿ ಕೆಳಗಿಳಿಯುವುದರಿಂದ ಪದರವು ಮತ್ತೆ ದಪ್ಪವಾಗುತ್ತದೆ. ಮೇ ತಿಂಗಳಿನಲ್ಲಿ ನಿಜವಾಗಿದ್ದ ಸೋನಾರ್ ಲೆಕ್ಕವು ಜುಲೈ ತಿಂಗಳಿನಲ್ಲಿ ಸುಳ್ಳಾಗುವುದು ಹೀಗೆ.

ಬಂಗಾಳ ಕೊಲ್ಲಿಯದು ಇನ್ನೊಂದು ಬಗೆ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿಗಳು, ಕರ್ನಾಟಕವನ್ನು ಹಾದು ಹೋಗುವ ಕೃಷ್ಣಾ, ಕಾವೇರಿಗಳು ತಮ್ಮ ಸಿಹಿನೀರನ್ನು ಅದಕ್ಕೆ ಸುರಿಯುತ್ತವೆ. ಮಳೆಗಾಲದ ಕೊನೆಯಲ್ಲಿ ಕೊಲ್ಲಿಯ ಉತ್ತರ ಭಾಗದ ಮೇಲ್ಮೈಯಲ್ಲಿ ಲವಣಾಂಶವು 30 ಗ್ರಾಂಗಿಂತಲೂ ಕೆಳಗಿಳಿಯುವುದುಂಟು. ಈ ಹಗುರವಾದ ನೀರು ಎಣ್ಣೆಯಂತೆ ಮೇಲೆಯೇ ನಿಲ್ಲುವುದರಿಂದ ಗಾಳಿಯು ಅದನ್ನು ಸುಲಭವಾಗಿ ಕಲಕಲಾರದು. ಚಳಿಗಾಲದಲ್ಲಿ ಇದು ಕೆಳಗಿನ ನೀರಿಗಿಂತ ತಣ್ಣಗಾಗುವ ಸಂದರ್ಭಗಳೂ ಉಂಟು. ಆಗ ಆಳಕ್ಕೆ ಇಳಿದಂತೆ ಉಷ್ಣತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ; ಧ್ವನಿಯು ಮೇಲಕ್ಕೆ ಬಾಗುತ್ತದೆ. ಮುಂಬಯಿಯ ತೀರದಾಚೆ ಕಲಿತ ಪಾಠವು ವಿಶಾಖಪಟ್ಟಣದ ತೀರದಾಚೆ ತಲೆಕೆಳಗಾಗಬಹುದು.

ಕರಾವಳಿಯ ತೊಡಕುಗಳು

ತೀರಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ ಹುಡುಕಾಟವು ಮತ್ತಷ್ಟು ಕಠಿಣ. ಹೊರಟ ಧ್ವನಿಯು ಮೇಲ್ಮೈಗೂ ತಳಕ್ಕೂ ಮತ್ತೆ ಮತ್ತೆ ತಾಗಿ, ನೂರಾರು ಅನವಶ್ಯಕ ಪ್ರತಿಧ್ವನಿಗಳಾಗಿ ಮರಳುತ್ತದೆ. ಕೆಸರಿನ ತಳವು ಧ್ವನಿಯನ್ನು ಹೀರಿದರೆ, ಬಂಡೆಯ ತಳವು ಚದುರಿಸುತ್ತದೆ. ಮುಳುಗಿದ ಹಳೆಯ ಹಡಗುಗಳು ಜಲಾಂತರ್ಗಾಮಿಯ ಭ್ರಮೆ ಹುಟ್ಟಿಸುತ್ತವೆ. ಉಷ್ಣವಲಯದ ತೀರಗಳಲ್ಲಿ ಒಂದು ಜಾತಿಯ ಪುಟ್ಟ ಸೀಗಡಿಗಳು ತಮ್ಮ ಕೊಂಡಿಯನ್ನು ಪಟಪಟನೆ ಮುಚ್ಚುವ ಸದ್ದು ಎಷ್ಟೋ ಬಾರಿ ಯಂತ್ರಗಳ ಸದ್ದನ್ನು ಮುಚ್ಚಿಹಾಕುತ್ತದೆ. ಮೀನುಗಾರಿಕೆಯ ದೋಣಿಗಳ ಹಾಗೂ ವಾಣಿಜ್ಯ ಹಡಗುಗಳ ಗದ್ದಲವೂ ಇದಕ್ಕೆ ಸೇರುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಕೇರಳದಿಂದ ಕರ್ನಾಟಕದವರೆಗಿನ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲಕ್ಕೆ ಉಕ್ಕಿಬರುತ್ತದೆ. ಅದರೊಡನೆ ಬರುವ ಪೋಷಕಾಂಶಗಳಿಂದಲೇ ಬೂತಾಯಿ, ಬಂಗುಡೆ ಮೀನುಗಳು ಸಮೃದ್ಧವಾಗುತ್ತವೆ. ಮೀನುಗಾರರಿಗೆ ವರವಾದ ಈ ವಿದ್ಯಮಾನವು ಸೋನಾರಿಗೆ ಎರಡು ಬಗೆಯಲ್ಲಿ ತೊಡಕಾಗುತ್ತದೆ. ಥರ್ಮೋಕ್ಲೈನ್ ಮೇಲ್ಮೈಗೆ ತೀರ ಸಮೀಪ ಬಂದು ಧ್ವನಿಯನ್ನು ಕೆಳಕ್ಕೆ ಬಾಗಿಸುತ್ತದೆ; ದಟ್ಟವಾದ ಮೀನಿನ ಹಿಂಡುಗಳು ತಾವೇ ಪ್ರತಿಧ್ವನಿ ನೀಡಿ ದಾರಿ ತಪ್ಪಿಸುತ್ತವೆ.

ಖುಕ್ರಿಯ ನೆನಪು

ಈ ವಿಷಯವು ಕೇವಲ ಪ್ರಯೋಗಾಲಯದ ಜಿಜ್ಞಾಸೆಯಲ್ಲ ಎಂಬುದನ್ನು ಭಾರತವು ದೊಡ್ಡ ಬೆಲೆ ತೆತ್ತು ಅರಿತಿದೆ. 1971ರ ಯುದ್ಧಕಾಲದಲ್ಲಿ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯು ಪಶ್ಚಿಮ ತೀರದಲ್ಲಿ ಸುಳಿದಾಡುತ್ತಿರುವುದು ಅದರ ರೇಡಿಯೊ ಸಂಕೇತಗಳಿಂದ ತಿಳಿದುಬಂದಿತು. ಅದನ್ನು ಹುಡುಕಲು ಮುಂಬಯಿಯಿಂದ ‘ಖುಕ್ರಿ’ ಮತ್ತು ‘ಕಿರ್ಪಾನ್’ ಎಂಬ ಫ್ರಿಗೇಟುಗಳು ತೆರಳಿದವು. ವೇಗವಾಗಿ ಚಲಿಸುವ ಹಡಗಿನಲ್ಲಿ ಅದರದೇ ಸದ್ದು ಸೋನಾರಿನ ಶ್ರವಣವನ್ನು ಕೆಡಿಸುತ್ತದೆ. ಸೋನಾರಿನ ಶಕ್ತಿಯನ್ನು ಹೆಚ್ಚಿಸುವ ಪ್ರಯೋಗವೊಂದು ಖುಕ್ರಿಯಲ್ಲಿ ನಡೆಯುತ್ತಿದ್ದುದರಿಂದ ಅದು ನಿಧಾನವಾಗಿ ಸಾಗುತ್ತಿತ್ತು. ಹಂಗೋರ್ ಹೊಂದಿದ್ದ ಹೆಚ್ಚು ಆಧುನಿಕ ಸೋನಾರ್ ಮೊದಲು ಆಲಿಸಿತು. ಡಿಸೆಂಬರ್ 9ರ ರಾತ್ರಿ, ದೀವ್ ತೀರದಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ, ಟಾರ್ಪೆಡೊ ಏಟಿಗೆ ಸಿಕ್ಕಿ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಮಂದಿ ಅಧಿಕಾರಿಗಳು ಮತ್ತು 176 ಮಂದಿ ನಾವಿಕರು ಪ್ರಾಣಾರ್ಪಣೆ ಮಾಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಇತರರ ರಕ್ಷಣೆಗೆ ಏರ್ಪಾಡು ಮಾಡಿ, ತಾವು ಹಡಗಿನೊಡನೆಯೇ ಜಲಸಮಾಧಿಯಾದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು.

ಅನಂತರದ ದಿನಗಳಲ್ಲಿ ಹಡಗುಗಳೂ ವಿಮಾನಗಳೂ ತೀವ್ರವಾಗಿ ಹುಡುಕಿದರೂ ಹಂಗೋರ್ ತಪ್ಪಿಸಿಕೊಂಡು ಕರಾಚಿಗೆ ಮರಳಿತು. ಖುಕ್ರಿಯ ನಷ್ಟಕ್ಕೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ನೀರಿನೊಳಗೆ ಯಾರು ಮೊದಲು ಆಲಿಸುತ್ತಾರೋ ಅವರದೇ ಮೇಲುಗೈ ಎಂಬುದು ಆ ರಾತ್ರಿ ನಿರ್ವಿವಾದವಾಗಿ ಸ್ಪಷ್ಟವಾಯಿತು. ಶೀತಲ ಸಮುದ್ರಗಳಿಗಾಗಿ ಪರದೇಶಗಳಲ್ಲಿ ರೂಪಿಸಿದ ಉಪಕರಣಗಳನ್ನು ಉಷ್ಣವಲಯದ ನೀರಿನಲ್ಲಿ ನೆಚ್ಚಿಕೊಂಡಿರುವುದು ಸಾಲದು ಎಂಬ ಅರಿವೂ ಬಲವಾಯಿತು.

ನೀರನ್ನು ಅರಿಯುವ ಪ್ರಯತ್ನ

ಭಾರತದ ಸಮುದ್ರಗಳಿಗೆ ತಕ್ಕ ಸೋನಾರುಗಳನ್ನು ರೂಪಿಸುವ ಹೊಣೆಯನ್ನು ಕೊಚ್ಚಿಯಲ್ಲಿರುವ ನೌಕಾ ಭೌತ ಮತ್ತು ಸಾಗರ ವಿಜ್ಞಾನ ಪ್ರಯೋಗಾಲಯವು ವಹಿಸಿಕೊಂಡಿದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದ ಈ ಪ್ರಯೋಗಾಲಯವು ರೂಪಿಸಿದ ‘ಹಂಸ’ ಮೊದಲಾದ ಸೋನಾರುಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸುತ್ತಿದೆ. ಸಮುದ್ರದಲ್ಲಿ ಧ್ವನಿಯ ನಡೆಯನ್ನು ಅಭ್ಯಸಿಸಲೆಂದೇ ಕೋಲ್ಕತ್ತದಲ್ಲಿ ನಿರ್ಮಿಸಿದ ‘ಸಾಗರಧ್ವನಿ’ ಹಡಗು 1994ರಲ್ಲಿ ಸೇವೆಗೆ ಸೇರಿತು.

ಪದರಗಳ ತೊಡಕನ್ನು ದಾಟಲು ಹಲವು ಉಪಾಯಗಳಿವೆ. ಹಡಗಿನ ತಳದಲ್ಲಿರುವ ಸೋನಾರಿನ ಜೊತೆಗೆ, ಉದ್ದನೆಯ ಹಗ್ಗದಂಥ ಕೇಬಲಿನಿಂದ ಮಿಶ್ರಿತ ಪದರದ ಕೆಳಗೆ ಇಳಿಬಿಟ್ಟು ಎಳೆದೊಯ್ಯುವ ಸೋನಾರನ್ನೂ ಬಳಸಲಾಗುತ್ತದೆ. ಹೆಲಿಕಾಪ್ಟರ್ ಒಂದೆಡೆ ಸ್ಥಿರವಾಗಿ ನಿಂತು ತನ್ನ ಸೋನಾರನ್ನು ಬೇಕಾದ ಆಳಕ್ಕೆ ಇಳಿಸಬಲ್ಲುದು. 2013ರಲ್ಲಿ ನೌಕಾಪಡೆಗೆ ಬಂದ ಪಿ-8ಐ ವಿಮಾನಗಳು ಆಲಿಸುವ ತೇಲುಬುರುಡೆಗಳನ್ನು ಸಮುದ್ರಕ್ಕೆ ಹಾಕುತ್ತವೆ. ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಎದುರಿಸಲೆಂದೇ ನಿರ್ಮಿಸಿದ, ವಸಯಿ ಸಮೀಪದ ಕೋಟೆಯ ಹೆಸರು ಹೊತ್ತ ‘ಅರ್ನಾಳ’ ನೌಕೆಯು 2025ರ ಜೂನ್ ತಿಂಗಳಿನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು.

ಈ ಎಲ್ಲ ಸಾಧನಗಳೂ ಸರಿಯಾದ ಆಳವನ್ನು ಆರಿಸಿಕೊಳ್ಳಬೇಕಾದರೆ ನೀರಿನ ಸ್ಥಿತಿ ತಿಳಿದಿರಬೇಕು. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಇಂಥ ಮಾಹಿತಿಯನ್ನು ಸಂಗ್ರಹಿಸುವ ಸಂಸ್ಥೆಗಳಲ್ಲಿ ಪ್ರಮುಖವಾದುದು. ಅದು ಭಾಗವಹಿಸಿರುವ ಅಂತರರಾಷ್ಟ್ರೀಯ ‘ಆರ್ಗೊ’ ಯೋಜನೆಯ ತೇಲುವ ಯಂತ್ರಗಳು ಸಾಮಾನ್ಯವಾಗಿ ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳಕ್ಕೆ ಇಳಿದು, ಮೇಲೇರುವಾಗ ಉಷ್ಣತೆ ಮತ್ತು ಲವಣಾಂಶಗಳನ್ನು ಅಳೆದು ಉಪಗ್ರಹಗಳ ಮೂಲಕ ಕಳುಹಿಸುತ್ತವೆ. ಮುಂಗಾರಿನ ಮುನ್ಸೂಚನೆಗೂ ಚಂಡಮಾರುತಗಳ ಅಧ್ಯಯನಕ್ಕೂ ನೆರವಾಗುವ ಈ ಅಂಕಿಅಂಶಗಳು ಧ್ವನಿಯ ವೇಗವನ್ನು ಲೆಕ್ಕಹಾಕಲೂ ಒದಗುತ್ತವೆ. ಸಾಗರಗಳು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಹಿಂದಿನ ಸರಾಸರಿಗಳನ್ನು ಮಾತ್ರ ನಂಬಿ ಕೂರಲಾಗದು. ಅಳತೆಯು ನಿರಂತರವಾಗಿ ನಡೆಯುತ್ತಿರಬೇಕು.

ರಕ್ಷಣೆಯೆಂದರೆ ಹಡಗು, ಕ್ಷಿಪಣಿ, ಟಾರ್ಪೆಡೊಗಳು ಜನರ ಕಣ್ಣಿಗೆ ಬೀಳುತ್ತವೆ. ಹಡಗಿನ ಅಂಚಿನಿಂದ ಉಷ್ಣಮಾಪಕವನ್ನು ನೀರಿಗೆ ಇಳಿಬಿಟ್ಟು, ಆಳಕ್ಕೊಂದರಂತೆ ಅಂಕಿಗಳನ್ನು ಗುರುತಿಸುವ ಕೆಲಸವು ಅಷ್ಟು ಗಮನ ಸೆಳೆಯುವುದಿಲ್ಲ. ಆದರೂ ನೂರಾರು ನಾವಿಕರ ಜೀವವನ್ನು ಹೊತ್ತು ಕತ್ತಲಿನಲ್ಲಿ ಸಾಗುವ ಹಡಗು ತನ್ನ ಕೆಳಗಣ ನೀರಿನಲ್ಲಿ ಏನಿದೆಯೆಂಬುದನ್ನು ಎಷ್ಟು ದೂರದವರೆಗೆ ತಿಳಿಯಬಲ್ಲುದು ಎಂಬುದನ್ನು ನಿರ್ಧರಿಸುವುದು ಆ ಅಂಕಿಗಳೇ.